ಟೈರಿನ ವಯಸ್ಸು ಕೇಳಿದವರು

ನಮ್ಮ ಯಜಮಾನರ ಹೆಸರು ಕ್ಯಾತಪ್ಪ. ಅವರಿದ್ದಾಗ ಆ ಹೆಸರನ್ನು ನಾನು ಬಾಯಲ್ಲಿ ಹೇಳಿದವಳಲ್ಲ. ಅವರು ಹೋಗಿ ಇನ್ನೂ ವರ್ಷ ತುಂಬಿಲ್ಲ. ಬರೆಯುವಾಗಲೂ ಕೈ ತಡೆಯುತ್ತದೆ.

ನಮ್ಮದು ಸಿರಾ ತಾವರೆಕೆರೆ ಕಡೆಯ ಹಟ್ಟಿ. ಕುರಿಯೇ ಬದುಕು. ಕಡಲೆಕಾಯಿ ಕಿತ್ತ ಮೇಲೆ ಮಂದೆ ಹೊಡೆದುಕೊಂಡು ಪಾವಗಡದ ಕಡೆ ಹೋಗುತ್ತೇವೆ. ಬೇಸಿಗೆ ಮುಗಿಯುವವರೆಗೆ ಹೊಲದಲ್ಲೇ ವಾಸ. ಮಗ ಅಂಜಿನಮೂರ್ತಿ ಹುಟ್ಟಿದ ವರ್ಷ ಅಲ್ಲಿ ಮಳೆ ಹಿಡಿಯಿತು. ಕೂಸನ್ನು ಎದೆಗೆ ಅವುಚಿಕೊಂಡು ಕಂಬಳಿ ಹೊದ್ದು ಕೂತಿದ್ದೆ. ನಾನು ಅದನ್ನು ಮರೆತೆ. ಅವರು ಮರೆಯಲಿಲ್ಲ. ಮಗ ಟ್ರ್ಯಾಕ್ಟರ್ ಕೊಂಡ ಕೂಡಲೇ ಟ್ರೈಲರಿಗೆ ತಗಡಿನ ಚಾವಣಿ, ಪಕ್ಕಕ್ಕೊಂದು ಬಾಗಿಲು, ಒಳಗೆ ಮಲಗುವ ಹಲಗೆ ಹಾಕಿಸಿದರು. ಹಟ್ಟಿಯಲ್ಲಿ ಅಂಥದ್ದು ಅದೊಂದೇ.

ಊರಿಗೆ ಬಂದ ಮೇಲೆ ಟ್ರೈಲರು ಬಿಸಿಲಲ್ಲೇ ನಿಲ್ಲುತ್ತಿತ್ತು. ಹಬ್ಬಹಬ್ಬಕ್ಕೆ ಟೈರುಗಳಿಗೆ ಹೊಂಗೆ ಎಣ್ಣೆ ಸವರುತ್ತಿದ್ದರು. ಚರ್ಮದ ಮೆಟ್ಟಿಗೆ ಸವರುವವರು, ಟೈರಿಗೂ ಒಳ್ಳೆಯದೆಂದುಕೊಂಡರು.

ಸೊಸೆ ರಾಧಾಮಣಿ ಹಸುಗೂಸಿನೊಂದಿಗೆ ಬರಬೇಕಾದ ವರ್ಷ. ಹೊರಡುವ ಹಿಂದಿನ ದಿನ ಅವರು ಟೈರಿನ ಪಕ್ಕೆ ಒತ್ತಿ ನೋಡಿದರು. ಒಣಗಿದ ಕೆರೆಯಂತೆ ಬಿರುಕು. ಉಗುರು ಒಳಗೆ ಹೋಯಿತು.

ಮಂದೆಯವರಿಗೆಲ್ಲ ಹಿರಿಯ ನನ್ನ ಅಣ್ಣ ಅಡವಯ್ಯ. ಅವನು ನಕ್ಕ.

"ಗ್ರಿಪ್ಪು ಹೊಸದಿದ್ದಂಗೈತೆ, ಇನ್ನೇನ್ ಭಾವ? ಟೈರ್‌ಗೂ ಬಾಣಂತನ ಮಾಡ್ತೀಯಾ?"

"ಕೂಸು ಬರ್ತೈತೆ ಕಣಯ್ಯಾ."

"ನಾಳೆ ಹೊತ್ತುಟ್ಟುತ್ಲೂ ನಾವು ಹೊರಟ್ವಿ. ಮೊದ್ಲು ಹೋದೋರಿಗೆ ಹೊಲ. ಆಮ್ಯಾಕೆ ನನ್ನ ಬೈಕಬ್ಯಾಡ."

ಅದು ನಿಜ. ಬಲಸಮುದ್ರದ ಶಂಕರಲಿಂಗಪ್ಪ ಮೊದಲು ಬಂದವರ ಕುರಿಗಳನ್ನೇ ತನ್ನ ಹೊಲಕ್ಕೆ ಬಿಟ್ಟುಕೊಳ್ಳುತ್ತಿದ್ದ. ಆ ಕಡೆಯ ಹೊಲ ಬಹಳಷ್ಟು ಸೋಲಾರ್ ಪಾರ್ಕಿಗೆ ಹೋಗಿ ಮೇವು ಕಡಿಮೆಯಾಗಿತ್ತು. ತಡವಾದರೆ ನಮ್ಮ ಮಂದೆ ಸೊರಗುತ್ತದೆ. ಆದರೂ ಅಪ್ಪ ಮಗ ಸಿರಾಕ್ಕೆ ಚಕ್ರ ಒಯ್ದರು. ನಾನೂ ಹೋದೆ.

ಟೈರ್ ಅಂಗಡಿಯ ಭಾಯಿ ಮೂಸಿ ನೋಡಿದ. "ಕ್ಯಾ ಯಜಮಾನ್ರೇ, ಇದೇನ್ ಚಪ್ಪಲಿನಾ? ಎಣ್ಣೆ ಹಾಕಿ ಹಾಕಿ ರಬ್ಬರ್ ಪೂರಾ ಖರಾಬ್. ಬಿಸಿಲು ಬೇರೆ. ಓಡ್ದೆ ನಿಂತ್ರೂ ಟೈರ್ ಮುದುಕ ಆಗ್ತದೆ."

ಅವರ ಮುಖ ಸಣ್ಣಗಾಯಿತು. ಅಲ್ಲಿದ್ದ ದಪ್ಪನೆಯ ಹಳೇ ಟೈರೊಂದನ್ನು ತಟ್ಟಿ, "ಇದಕ್ಕೆಷ್ಟು ವಯಸ್ಸು?" ಎಂದು ಕೇಳಿದರು. ಭಾಯಿ ಅದರ ಪಕ್ಕೆಯಲ್ಲಿ ಅಚ್ಚಾಗಿದ್ದ ನಾಲ್ಕು ಅಂಕಿ ತೋರಿಸಿದ. ಮೊದಲೆರಡು ವಾರ, ಕೊನೆಯೆರಡು ವರ್ಷ.

"ಅಂಗಾದ್ರೆ ಹಲ್ಲು ಇಲ್ಲಿರ್ತವೆ ಅನ್ನು."

ಟಗರು ಕೊಳ್ಳುವಾಗ ಅವರು ಉಣ್ಣೆಗೆ ಮರುಳಾದವರಲ್ಲ. ಬಾಯಿ ಅಗಲಿಸಿ ಹಲ್ಲು ನೋಡುವವರು. ಅಂಗಡಿಯ ಟೈರುಗಳನ್ನೆಲ್ಲ ಹಾಗೇ ತಿರುವಿಸಿದರು. ಮಗ ಅಂಕಿ ಓದಿದ. ನೀರಿನ ಡ್ರಂ, ಕುರಿಮರಿ, ಮಂದಿ, ಎಲ್ಲದರ ಭಾರ ಹೇಳಿ, ಅಷ್ಟನ್ನು ಹೊರುವಂಥದ್ದೇ ಬೇಕೆಂದರು. ಹೊಸ ಜೋಡಿ ಸಿಕ್ಕಿತು. ಆದರೆ ಹಳೇ ರಿಮ್ಮುಗಳಲ್ಲಿ ಬೋಲ್ಟಿನ ತೂತು ಸವೆದು ಅಗಲವಾಗಿದ್ದವು. ಬೆಸುಗೆ ಹಾಕಿಸೋಣ ಎಂದ ಮಗನನ್ನು ಗದರಿದರು. ಹೊಸ ರಿಮ್ಮು ತುಮಕೂರಿನಿಂದ ಬರಬೇಕು. ಎರಡು ದಿನ.

ಅಣ್ಣ ಕಾಯಲಿಲ್ಲ. ಅವನ ಮಂದೆ ಹೊರಟಿತು. ರಾಧಾಮಣಿ ಬಾಗಿಲಲ್ಲಿ ನಿಂತು ನೋಡಿದಳು.

"ಮಾವ, ನನ್ನಿಂದ ಕುರಿ ಉಪವಾಸ ಬೀಳೋದು ಬ್ಯಾಡ. ನಾನೂ ಕೂಸೂ ಹಟ್ಟೀಲೇ ಇರ್ತೀವಿ. ನೀವು ಹಳೇ ಚಕ್ರದಾಗೇ ಹೊಂಟ್ಬುಡಿ."

"ನೀನು ಉಳ್ಕೊಂಡ್ರೆ ಈ ಬಂಡಿ ಯಾರಿಗ್ ಕಟ್ಟಿಸ್ದೆ ಕಣಮ್ಮ?"

ಅವಳು ಒಳಗೆ ಹೋಗಿ ಕೂಸಿನ ಬಟ್ಟೆ ಗಂಟು ಕಟ್ಟತೊಡಗಿದಳು.

ರಿಮ್ಮು ಬಂತು, ಹೊರಟೆವು. ಹಟ್ಟಿ ದಾಟುತ್ತಲೂ ನಿಲ್ಲಿಸು ಎಂದರು. ಪಾನಾ ಹಿಡಿದು ಇಳಿದು ಒಂದೊಂದೇ ನಟ್ಟು ಬಿಗಿದರು.

"ಅಪ್ಪಾ, ಇನ್ನೂ ಊರು ಕಾಣ್ತೈತೆ," ಎಂದು ಮಗ ಗೊಣಗಿದ.

"ಕಂಡ್ರೆ ಕಾಣ್ಲಿ. ಹೊಸ ರಿಮ್ಮು ಕಣ್ಲಾ, ಕೂತ್ಕೊಬೇಕು."

ಮುಂದೆ ನಿಂತಲ್ಲೆಲ್ಲ ಟೈರಿನ ಮೇಲೆ ಅಂಗೈ ಇಟ್ಟರು, ಮರಿಗೆ ಜ್ವರ ನೋಡಿದ ಹಾಗೆ. ಒಂದು ಬಿಸಿಯಾಗಿತ್ತು, ಗಾಳಿ ಕಡಿಮೆಯಿತ್ತು. ಗಾಳಿ ತುಂಬಿಸಿದ ಮೇಲೇ ಮುಂದಕ್ಕೆ ಬಿಟ್ಟರು. ಮಗು ದಾರಿಯುದ್ದಕ್ಕೂ ನಿದ್ದೆ ಮಾಡಿತು.

ಬಲಸಮುದ್ರದಲ್ಲಿ ಶಂಕರಲಿಂಗಪ್ಪ ಕೈ ಆಡಿಸಿದ. "ಏಮಯ್ಯಾ ಕ್ಯಾತಪ್ಪ, ಇಪ್ಪುಡಾ ಬರೋದು? ಎಲ್ಲಾ ನಿನ್ ಭಾವಂಗೆ ಕೊಟ್ಬುಟ್ಟೆ ಕದಾ!"

ನಮಗೆ ಸಿಕ್ಕಿದ್ದು ಗುಡ್ಡದ ಕಲ್ಲುಭೂಮಿ. ಕುರಿ ಸೊರಗಿದವು. ಯಜಮಾನರು ದೂರದೂರ ಅಲೆಸಿ ಮೇಯಿಸಿದರು. ಹಿಮ್ಮಡಿ ಒಡೆದು ರಕ್ತ ಬಂತು. ನಾನು ಅಣ್ಣನನ್ನು ಬೈದೆ. "ಸುಮ್ಕಿರು. ಕುರಿ ಸೊರಗಿದ್ರೆ ಮತ್ತೆ ಮೇದು ಮೈ ಕಟ್ತವೆ," ಎಂದರು. ಅಷ್ಟೇ.

ಮಳೆಗಾಲಕ್ಕೆ ಮುಂಚೆ ಎಲ್ಲರೂ ಒಟ್ಟಿಗೆ ವಾಪಸು ಹೊರಟೆವು. ಅಣ್ಣ ತನ್ನ ಮೊಮ್ಮಕ್ಕಳ ಕೈ ಹಿಡಿದು ನಮ್ಮ ಬಳಿ ಬಂದ. ನೆಲ ನೋಡುತ್ತಾ ಹೇಳಿದ: "ಭಾವ, ಇವು ನಿನ್ ಬಂಡೀಲಿ ಬರ್ಲಿ. ನಮ್ದ್ರಾಗೆ ಜಾಗ ಇಲ್ಲ."

ಅವನ ಟ್ರೈಲರು ಅರ್ಧ ಖಾಲಿ ಇತ್ತು, ಟೈರುಗಳು ಬಿರುಕು ಬಿಟ್ಟಿದ್ದವು. ನಾನು ನೋಡಿದೆ. ನನ್ನ ಅಣ್ಣ, ಯಾರ ಮುಂದೆಯೂ ತಗ್ಗದವನು.

ಯಜಮಾನರು ಟ್ರೈಲರಿನ ಬಾಗಿಲು ತೆಗೆದರು. ಮಕ್ಕಳನ್ನು ಒಂದೊಂದಾಗಿ ಎತ್ತಿ ಹಲಗೆಯ ಮೇಲೆ ಕೂರಿಸಿದರು. ಭಾರ ಹೆಚ್ಚಾಯಿತೆಂದು ಡ್ರಮ್ಮಿನ ನೀರು ಅರ್ಧ ಚೆಲ್ಲಿಸಿದರು. ಆಮೇಲೆ ಹೊರಡು ಎಂದರು.