ಕಂಬ ಒಂದು ವಿಭಾಗ, ತಂತಿ ಇನ್ನೊಂದು

ಇಂದು ಮಂಗಳವಾರ. ಶನಿವಾರದಿಂದ ನಮ್ಮ ಮನೆಯ ಫೋನು ಸತ್ತಿದೆ. ಅಲ್ಲಿ ಮೊಬೈಲಿಗೆ ಸಿಗ್ನಲ್ ಇಲ್ಲ. ಮಂಗಳೂರಿನಲ್ಲಿರುವ ತಮ್ಮ ಮಗಳಿಗೆ ಇವತ್ತೋ ನಾಳೆಯೋ ಹೆರಿಗೆ ಎಂದು ನಮ್ಮ ಅತ್ತೆ ಆ ಫೋನಿನ ಪಕ್ಕವೇ ಕೂತಿದ್ದಾರೆ.

ಗೆಳೆಯರೇ, ನೆಟ್ಟಗೆ ನಿಂತ ಯಾವುದನ್ನೂ ನಮ್ಮ ಕಡೆ ಖಾಲಿ ಬಿಡುವುದಿಲ್ಲ. ಫೋನ್ ಕಂಪನಿಯ ಕಂಬಕ್ಕೂ ಅತ್ತೆ ಕಾಳುಮೆಣಸಿನ ಬಳ್ಳಿ ಹಬ್ಬಿಸಿದ್ದರು. ಅದರ ಭಾರಕ್ಕೆ ತುದಿಯಲ್ಲಿ ತಂತಿ ತುಂಡಾಗಿತ್ತು.

ಬೆಳಿಗ್ಗೆ ಲೈನ್‌ಮನ್ ಸುಧಾಕರ ಬಂದು ಮೇಲೆ ನೋಡಿದ.

"ತಂತಿ ಕಟ್ತೀನಮ್ಮ, ಆದ್ರೆ ಮೊದ್ಲು ಬಳ್ಳಿ ಇಳೀಬೇಕು. ಕಂಬಕ್ಕೆ ಮಾತ್ರ ನಾನು ಕೈ ಹಾಕೋ ಹಾಗಿಲ್ಲ. ಕಂಪನಿ ಈಗ ಭಾಗ ಆಗಿದೆ. ಕಂಬ, ಟವರ್ ಒಂದು ವಿಭಾಗ, ತಂತಿ ಒಂದು, ಬಿಲ್ಲು ಒಂದು."

"ಅಣ್ಣತಮ್ಮಂದ್ರು ಪಾಲಾದ ಹಾಗೆ! ಕಂಬದವ್ರು ಯಾರು ಮಾರಾಯ?" ಎಂದರು ಅತ್ತೆ.

"ನಮ್ಮ ರಮೇಶ."

ಹೋದ ವರ್ಷದವರೆಗೂ ಇಬ್ಬರೂ ಒಂದೇ ಬೈಕಿನಲ್ಲಿ ಬರುತ್ತಿದ್ದರು.

"ಮತ್ತೆ ಅವ್ನನ್ನ ಕರ್ಕೊಂಡು ಬಾ."

"ನಾನು ಕರೆದ್ರೆ ಆಗಲ್ಲ. ನೀವು ದೂರು ಕೊಡ್ಬೇಕು. ಅದೂ ಇದೇ ಫೋನಿಂದ."

ಸತ್ತ ಫೋನನ್ನು ಅತ್ತೆ ನೋಡಿದರು, ಸುಧಾಕರನನ್ನು ನೋಡಿದರು.

"ಊಟಕ್ಕೆ ಕರೆದ್ರೆ ಬರ್ತಾನಾ?"

"ಊಟಕ್ಕೆ ವಿಭಾಗ ಇಲ್ಲಮ್ಮ."

ನಾಳೆ ಮಧ್ಯಾಹ್ನ ಇಬ್ಬರಿಗೂ ಕಡುಬು, ಕೋಳಿಸಾರು ಎಂದು ತೀರ್ಮಾನವಾಗಿದೆ. ಬಳ್ಳಿ ಕಡಿಯದೆ ಇಳಿಸಬೇಕು ಎಂಬುದು ಅತ್ತೆಯ ಷರತ್ತು.

ಸಿಗ್ನಲ್ ಹುಡುಕಿಕೊಂಡು ಬಣಕಲ್‌ಗೆ ಬಂದು ಮಂಗಳೂರಿಗೆ ಫೋನ್ ಮಾಡಿದೆ. ಹೆರಿಗೆ ಇನ್ನೂ ಆಗಿಲ್ಲ. ರಮೇಶನಿಗೆ ಇನ್ನೂ ಹೇಳಿಲ್ಲ. ಕೋಳಿಗೂ ಹೇಳಿಲ್ಲ.