ಹಳೆಯ ಕರ್ನಲ್ ಅಳಿಸಿದ ಶನಿವಾರ

ಹಳೆಯದನ್ನು ಎಸೆಯುವುದರಲ್ಲಿ ನನಗೊಂದು ಸುಖವಿದೆ. ಇದನ್ನು ಮೊದಲೇ ಒಪ್ಪಿಕೊಂಡುಬಿಟ್ಟರೆ ಮುಂದೆ ನೀವು ನನ್ನ ಮೇಲೆ ಕನಿಕರಪಡುವ ತೊಂದರೆ ತಪ್ಪುತ್ತದೆ. ಹೊಸ ಪೊರಕೆ ಮನೆಗೆ ಬಂದ ಗಳಿಗೆಯಲ್ಲೇ ಹಳೆಯ ಪೊರಕೆ ಬೀದಿಗೆ. ಹೊಸ ಚಪ್ಪಲಿ ಕೊಂಡ ಅಂಗಡಿಯಲ್ಲೇ ಹಳೆಯದನ್ನು ಬಿಟ್ಟುಬಂದು, ಹೊಸದು ಕಚ್ಚಿದ ಕಾಲನ್ನು ಎಳೆಯುತ್ತ ದುರ್ಗಿಗುಡಿಯಿಂದ ಹೊಸಮನೆಯವರೆಗೆ ನಡೆದಿದ್ದೇನೆ. ಒಮ್ಮೆ ಕುಕ್ಕರಿಗೆ ಹೊಸ ಗ್ಯಾಸ್ಕೆಟ್ ತಂದವನು, ಅದು ಕೂರುತ್ತದೆಯೋ ಇಲ್ಲವೋ ನೋಡುವ ಮೊದಲೇ ಹಳೆಯದನ್ನು ಕತ್ತರಿಸಿ ಕಸಕ್ಕೆ ಹಾಕಿದೆ. ಹೊಸದು ಒಂದು ಬೆರಳಷ್ಟು ದೊಡ್ಡದಿತ್ತು. ಅಂದು ಮನೆಗೆ ನೆಂಟರು ಬಂದಿದ್ದರು. ಆ ದಿನದ ಬೇಳೆ ಇನ್ನೂ ಬೆಂದಿಲ್ಲವೆಂದು ನನ್ನ ಹೆಂಡತಿ ಸರ್ವಮಂಗಳ ಇವತ್ತಿಗೂ ಹೇಳುತ್ತಾಳೆ.

ಇಂಥವನ ಕೈಗೆ ಒಂದು ಕಂಪ್ಯೂಟರ್ ಸಿಕ್ಕಿತು. ಎರಡು ಸಾವಿರದ ಇಸವಿ ಕಳೆದು ಮೂರು ನಾಲ್ಕು ವರ್ಷವಾಗಿತ್ತು. ನಮ್ಮ ಆಫೀಸಿನಲ್ಲಿ ಸವೆದುಹೋದ ಯಂತ್ರಗಳನ್ನು ವಿಲೇವಾರಿ ಮಾಡಿದಾಗ ಒಂದನ್ನು ನಾನು ತಂದೆ. ಅದರ ಹಳೆಯ ಮೈಗೆ ಆ ಕಾಲದ ದೊಡ್ಡ ತಂತ್ರಾಂಶಗಳು ಒಗ್ಗುತ್ತಿರಲಿಲ್ಲ. ಒಂದು ಕಿಟಕಿ ತೆರೆಯುವಷ್ಟರಲ್ಲಿ ಕಾಫಿ ಕುಡಿದು ಲೋಟ ತೊಳೆದಿಡಬಹುದಿತ್ತು. ಆಗ ಕೈಹಿಡಿದವರು ಭದ್ರಾವತಿಯ ಸೆಲ್ವರಾಜು. ಕಾರ್ಖಾನೆಯೊಂದರ ಬಾಯ್ಲರ್ ಹೌಸಿನಲ್ಲಿ ಫೋರ್‌ಮನ್ ಆಗಿ ನಿವೃತ್ತರಾದವರು. ಭಾನುವಾರದ ಕಂಪ್ಯೂಟರ್ ತರಗತಿಯೊಂದರಲ್ಲಿ ನರೆತ ತಲೆಗಳೆಂದರೆ ನಾವಿಬ್ಬರೇ ಆಗಿದ್ದರಿಂದ ಸ್ನೇಹವಾಗದೆ ಬೇರೆ ದಾರಿಯೇ ಇರಲಿಲ್ಲ. ಹಳೆಯ ಯಂತ್ರಗಳಿಗೆಂದೇ ಮಾಡಿದ ಹಗುರವಾದ ಒಂದು ಲಿನಕ್ಸ್ ಅವರ ಬಳಿ ಸಿ.ಡಿ.ಯಲ್ಲಿತ್ತು. ನಾನು ಭದ್ರಾವತಿಗೆ ಹೊತ್ತೊಯ್ದ ಯಂತ್ರಕ್ಕೆ ಅದನ್ನು ಹಾಕಿಕೊಟ್ಟರು. ಆ ಮುದಿ ಯಂತ್ರ ಎದ್ದು ಕೂತಿತು. ಎಂದಾದರೂ ಏಳದೆ ಹಟ ಹಿಡಿದರೆ ಎಬ್ಬಿಸಲು ಒಂದು ಫ್ಲಾಪಿಯನ್ನೂ ಮಾಡಿಕೊಟ್ಟರು. ಒಂದು ಮಳೆಗಾಲದಲ್ಲಿ ಅದಕ್ಕೆ ಬೂಷ್ಟು ಹಿಡಿಯಿತು, ನಾನು ಎಸೆದೆ.

ಇನ್ನು ಕರ್ನಲ್ ಎಂದರೇನು ಎಂದು ಎರಡು ಮಾತು. ನಿಘಂಟು ತಿರುವಿದರೆ ತಿರುಳು, ಬೀಜದೊಳಗಿನ ಬೇಳೆ ಎಂದಿರುತ್ತದೆ. ನಾವು ಬರೆಯುವುದು, ಓದುವುದು, ಚಿತ್ರ ನೋಡುವುದು ಎಲ್ಲ ಹೊರಗಿನ ಸಿಪ್ಪೆ. ಒಳಗೆ ಕೂತು ಕೀಲಿಮಣೆ, ಡಿಸ್ಕು, ಪರದೆ ಇವನ್ನೆಲ್ಲ ಹಿಡಿದು ದುಡಿಸುವ ಮೂಲ ಪ್ರೋಗ್ರಾಮ್ ಒಂದಿದೆ, ಅದೇ ಕರ್ನಲ್. ಕೂಡುಕುಟುಂಬದ ಅಜ್ಜಿಯ ಹಾಗೆ ಅದು ಯಾರಿಗೂ ಕಾಣುವುದಿಲ್ಲ, ಅದಿಲ್ಲದೆ ಅಡುಗೆಮನೆಯಲ್ಲಿ ಒಲೆ ಉರಿಯುವುದಿಲ್ಲ. ಲಿನಕ್ಸಿನವರು ಆಗಾಗ ಹೊಸ ಕರ್ನಲ್ ಬಿಡುತ್ತಾರೆ. ಬಸ್‌ಸ್ಟ್ಯಾಂಡ್ ಬಳಿಯ ಪುಸ್ತಕದಂಗಡಿಯಲ್ಲಿ ಕೊಂಡ ಪತ್ರಿಕೆಯೊಂದರ ಜೊತೆ ಬಂದ ಸಿ.ಡಿ.ಯಲ್ಲಿ ಅಂಥದೊಂದು ಹೊಸದು ನನ್ನನ್ನು ನೋಡುತ್ತಿತ್ತು. ನನ್ನಂಥವನು ಸುಮ್ಮನಿರುತ್ತಾನೆಯೇ?

ಸುಮ್ಮನಿರಬೇಕಿತ್ತು, ಏಕೆಂದರೆ ಆ ಯಂತ್ರದೊಳಗೆ ಸರ್ವಮಂಗಳಳ ಸಂಪ್ರಬಂಧವಿತ್ತು. ಅವಳು ದುರ್ಗಿಗುಡಿಯ ಶಾಲೆಯೊಂದರಲ್ಲಿ ಗಣಿತದ ಟೀಚರ್. ಎಂ.ಎಡ್. ಮಾಡಬೇಕೆಂಬ ಅವಳ ಆಸೆ ಮದುವೆ, ಮಕ್ಕಳು, ನನ್ನ ತಾಯಿಯ ಕಾಯಿಲೆ ಎಂದು ಹದಿನೆಂಟು ವರ್ಷ ಮುಂದಕ್ಕೆ ಹೋಗಿತ್ತು. ಕೊನೆಗೆ ಅಂಚೆ ಶಿಕ್ಷಣಕ್ಕೆ ಸೇರಿಕೊಂಡು, ಎಂಟನೇ ತರಗತಿಯ ಮಕ್ಕಳು ಭಿನ್ನರಾಶಿಗೆ ಏಕೆ ಹೆದರುತ್ತಾರೆ ಎಂಬುದರ ಮೇಲೆ ಇಂಗ್ಲಿಷಿನಲ್ಲಿ ಬರೆದಳು. ನಾಲ್ಕು ತಿಂಗಳು ಬೆಳಗಿನ ಐದಕ್ಕೆ ಎದ್ದು ಎರಡೇ ಬೆರಳಿನಲ್ಲಿ ಟೈಪು ಮಾಡಿದಳು. ಐದು ಅಧ್ಯಾಯ ಮುಗಿದಿದ್ದವು. ಉಳಿದದ್ದು ಕೃತಜ್ಞತೆಯ ಒಂದು ಪುಟ. ಭಾನುವಾರ ಮುದ್ರಿಸಿ ಬೈಂಡಿಂಗಿಗೆ ಕೊಟ್ಟು ಸೋಮವಾರ ಸಲ್ಲಿಸಬೇಕು. ತಪ್ಪಿದರೆ ಮುಂದಿನ ವರ್ಷ.

“ರೀ, ಫ್ಲಾಪೀಲಿ ಒಂದು ಕಾಪಿ ತೆಗೆದಿಡೋಣ್ವಾ?” ಎಂದು ಅವಳು ಕೇಳಿದ್ದಳು. “ಲಿನಕ್ಸಲ್ಲಿ ಏನೂ ಹಾಳಾಗಲ್ಲ ಕಣೆ ಮಾರಾಯ್ತಿ” ಎಂದವನು ನಾನು. ಟೈಪಾದ ಮೇಲೆ ಕೈಬರಹದ ಹಾಳೆಗಳೇಕೆಂದು ರದ್ದಿಗೆ ಹಾಕಿದವನೂ ನಾನೇ.

ಅದು ಎರಡನೇ ಶನಿವಾರ. ನನಗೆ ರಜೆ, ಅವಳಿಗೆ ಬೆಳಗಿನ ಶಾಲೆ. ಶಾಲೆ ಮುಗಿಸಿ, ಬೈಂಡಿಂಗ್ ಅಂಗಡಿಗೆ ಹೋಗಿ ಮಾತಾಡಿಕೊಂಡು ಮೂರು ಗಂಟೆಗೆ ಬರುತ್ತೇನೆಂದು ಹೇಳಿ ಹೊರಟಳು. ಅವಳು ಕೃತಜ್ಞತೆಯ ಪುಟ ಬರೆಯುವಷ್ಟರಲ್ಲಿ ಯಂತ್ರವನ್ನು ಚುರುಕು ಮಾಡಿಟ್ಟರೆ ಆ ಪುಟದಲ್ಲಿ ನನ್ನ ಹೆಸರು ತುಸು ದಪ್ಪಕ್ಷರದಲ್ಲಿ ಬಂದೀತು ಎಂಬ ಆಸೆ ನನಗಿತ್ತು. ಇದನ್ನೂ ಒಪ್ಪಿಕೊಂಡುಬಿಡುತ್ತೇನೆ.

ಕರ್ನಲ್ ಇರುವ ಜಾಗ ಡಿಸ್ಕಿನಲ್ಲಿ ಒಂದು ಪುಟ್ಟ ಕೋಣೆ. ಹಳೆಯದು ಮತ್ತು ಹೊಸದು ಎರಡೂ ಒತ್ತೊತ್ತಾಗಿ ಹಿಡಿಸುತ್ತಿದ್ದವೇನೋ. ನಾನು ಕೋಣೆಯನ್ನೇ ಪೂರ್ತಿ ಗುಡಿಸಿ, ಹೊಸದನ್ನು ನಡುವೆ ಕೂರಿಸಿದೆ. ಯಂತ್ರ ಶುರುವಾದಾಗ ಮೊದಲು ಕಣ್ಣುಬಿಡುವ ಸಣ್ಣ ಪ್ರೋಗ್ರಾಮೊಂದಿದೆ, ಲಿಲೋ ಎಂದು. ಕರ್ನಲ್ ಎಲ್ಲಿದೆಯೆಂದು ಹುಡುಕಿ ಎಬ್ಬಿಸುವುದು ಅದರ ಕೆಲಸ. ಮನೆ ಬದಲಾಯಿತೆಂದು ಅದಕ್ಕೆ ಒಂದು ಆಜ್ಞೆ ಕೊಟ್ಟು ತಿಳಿಸಬೇಕು. ಗುಡಿಸಿದ ಸಂತೋಷದಲ್ಲಿ ನಾನು ಅದನ್ನು ಮರೆತು ಯಂತ್ರ ಆರಿಸಿ ಮತ್ತೆ ಹಚ್ಚಿದೆ.

ಕಪ್ಪು ಪರದೆಯ ಮೇಲೆ ಲಿಲೋ ತನ್ನ ಹೆಸರಿನ ನಾಲ್ಕು ಇಂಗ್ಲಿಷ್ ಅಕ್ಷರಗಳನ್ನು ಬರೆದು ಮುಂದೆ ಹೋಗಬೇಕು. ಎರಡು ಅಕ್ಷರ ಬರೆಯಿತು. ನಿಂತಿತು. ಆರಿಸಿದೆ, ಹಚ್ಚಿದೆ. ಎರಡೇ ಅಕ್ಷರ. ಆಮೇಲೆ ಎಷ್ಟು ಸಲ ಹಾಗೆ ಮಾಡಿದೆನೋ ಲೆಕ್ಕವಿಲ್ಲ. ಗಂಟೆ ಒಂಬತ್ತೂಕಾಲು. ಬೆಳಗಿನ ಐದು ಗಂಟೆಯ ಆ ಟಕ್ ಟಕ್ ಸದ್ದು, ಎರಡು ಬೆರಳಿನ ಸದ್ದು, ಕಿವಿಯಲ್ಲಿ ಕೇಳತೊಡಗಿತು. ಸತ್ಯವಾಗಿ ಹೇಳುತ್ತೇನೆ, ನನಗೆ ಅಳು ಬಂತು.

ಹತ್ತಿರದ ಕಂಪ್ಯೂಟರ್ ರಿಪೇರಿ ಅಂಗಡಿಗೆ ಓಡಿದೆ. ಅಂಗಡಿಯವನು ಪೂರ್ತಿ ಕೇಳಿಸಿಕೊಳ್ಳಲೂ ಇಲ್ಲ. “ತಗೊಂಡ್ಬನ್ನಿ ಸಾರ್, ಫಾರ್ಮ್ಯಾಟ್ ಹೊಡೆದ್ರೆ ಜಮ್ ಅಂತ ಓಡುತ್ತೆ” ಎಂದ. ಫಾರ್ಮ್ಯಾಟ್ ಹೊಡೆದರೆ ಒಳಗಿದ್ದದ್ದು? “ಅದೆಲ್ಲಾ ಹೋಗುತ್ತೆ. ಫ್ರೆಶ್ ಆಗುತ್ತಲ್ಲ?” ಹೊಸದಾಗುತ್ತದೆ ಎಂಬ ಮಾತು ಕೇಳಿ ನಾನು ಹೆದರಿದ್ದು ನನ್ನ ಜೀವಮಾನದಲ್ಲಿ ಅದೇ ಮೊದಲು.

ಅಲ್ಲಿಂದಲೇ ಸೆಲ್ವರಾಜು ಅವರಿಗೆ ಫೋನ್ ಮಾಡಿದೆ. “ಏನೂ ಮುಟ್ಬೇಡಿ ಸಾರ್. ಡಿಸ್ಕ್ ಒಂದೇ ಬಿಚ್ಕೊಂಡು ಬನ್ನಿ” ಎಂದರು.

ಡಿಸ್ಕನ್ನು ಸರ್ವಮಂಗಳಳ ಹಳೆಯ ಹತ್ತಿಸೀರೆಯಲ್ಲಿ ಸುತ್ತಿದೆ. ನನ್ನ ಕಣ್ಣಿಗೆ ಬೀಳದಂತೆ ಅವಳು ಬೀರುವಿನ ಮೂಲೆಯಲ್ಲಿ ಉಳಿಸಿಕೊಂಡಿದ್ದ ಸೀರೆ ಅದು. ಭದ್ರಾವತಿಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಗಂಟನ್ನು ತೊಡೆಯ ಮೇಲಿಟ್ಟುಕೊಂಡೆ. ಹೊಂಡ ಬಂದಾಗಲೆಲ್ಲ ಎರಡೂ ಕೈಯಲ್ಲಿ ಮೇಲಕ್ಕೆತ್ತಿ ಹಿಡಿದೆ. ಮಾಚೇನಹಳ್ಳಿ ದಾಟುವಾಗ ಕಂಡಕ್ಟರ್ ಬಗ್ಗಿ ನೋಡಿ, “ಏನ್ ಸಾರ್, ಮಗೂನಾ?” ಎಂದ. ಹಿಂದಿನ ಸೀಟಿನ ಹೆಂಗಸೊಬ್ಬಳು ಇಣುಕಿದಳು. ನಾನು ಸೀರೆಯ ಅಂಚನ್ನು ಇನ್ನಷ್ಟು ಬಿಗಿಯಾಗಿ ಎಳೆದು ಸುತ್ತಿದೆ. ಮಗುವಾಗಿದ್ದರೆ ಕನಿಷ್ಠ ಅತ್ತಾದರೂ ಜೀವವಿದೆಯೆಂದು ತಿಳಿಸುತ್ತಿತ್ತು.

ಸೆಲ್ವರಾಜು ಬಾಗಿಲಲ್ಲೇ ನಿಂತಿದ್ದರು. ಗಂಟನ್ನು ತೆಗೆದುಕೊಂಡು ಮೇಜಿನ ಮೇಲಿಟ್ಟು, ಹೋಗಿ ಕೈ ತೊಳೆದು ಒರೆಸಿಕೊಂಡು ಬಂದರು. ಆಮೇಲೆ ಕೇಳಿದರು, “ಹಳೇ ಕರ್ನಲ್ ಎಲ್ಲಿ ಸಾರ್?”

“ಅಳಿಸಿಬಿಟ್ಟೆ.”

“ಹೊಸದು ಎದ್ದ ಮೇಲಾ?”

“ಏಳೋಕೆ ಮುಂಚೆ.”

“ಅಯ್ಯಯ್ಯೋ ಕಡವುಳೇ!” ಎಂದು ತಮಿಳಿನಲ್ಲಿ ದೇವರನ್ನು ಕರೆದು ಕುರ್ಚಿಯಲ್ಲಿ ಕೂತರು. “ಸಾರ್, ನಮ್ಮ ಬಾಯ್ಲರ್ ಹೌಸಲ್ಲಿ ರಿಲೀವರ್ ಬಂದು, ಗೇಜು ನೋಡಿ, ಬುಕ್ಕಲ್ಲಿ ಸೈನ್ ಹಾಕೋವರೆಗೂ ಹಿಂದಿನ ಶಿಫ್ಟಿನೋನು ಜಾಗ ಬಿಡೋ ಹಾಗಿಲ್ಲ. ಅವನು ಗೇಟ್ ಹತ್ರ ಬಂದ ಅಂದ್ರೂ ಬಿಡಂಗಿಲ್ಲ. ನನ್ನ ನಿಶ್ಚಿತಾರ್ಥದ ದಿವ್ಸ ರಿಲೀವರ್ ಬರಲೇ ಇಲ್ಲ. ಹದಿನಾರು ಗಂಟೆ ಬೆಂಕಿ ಮುಂದೆ ನಿಂತಿದ್ದೆ. ಮನೇಲಿ ಎಲ್ಲಾ ಬಯ್ದ್ರು. ಮಾವ ಒಬ್ರೇ ಹೇಳಿದ್ರು, ಬೆಂಕಿ ಬಿಟ್ಟು ಬರದೋನು ಹೆಂಡ್ತೀನೂ ಬಿಟ್ಟು ಹೋಗಲ್ಲ, ಹುಡುಗಿ ಕೊಡ್ತೀನಿ ಅಂತ.”

ಹೇಳುತ್ತಲೇ ಡಿಸ್ಕನ್ನು ತಮ್ಮ ಯಂತ್ರಕ್ಕೆ ಜೋಡಿಸಿ ಹಚ್ಚಿದರು. ಡಿಸ್ಕು ಒಂದು ಸಲ ಕಿರ್ರೆಂದಿತು. ಅವರ ಬೆರಳು ಕೀಲಿಮಣೆಯ ಮೇಲೆ ನಿಂತಿತು. ಮತ್ತೆ ಕಿರ್ರೆಂದಿತು, ಆಮೇಲೆ ಸಾಲುಸಾಲಾಗಿ ಹೆಸರುಗಳು ಪರದೆಯ ಮೇಲೆ ಇಳಿದವು.

“ಅಮ್ಮಾವ್ರ ಫೈಲ್ ಹೆಸರೇನು ಸಾರ್?”

ನನಗೆ ಗೊತ್ತಿರಲಿಲ್ಲ. ನಾಲ್ಕು ತಿಂಗಳು ಅದೇ ಮನೆಯಲ್ಲಿ, ಅದೇ ಸದ್ದಿನಲ್ಲಿ ಮಲಗಿದ್ದವನಿಗೆ ಗೊತ್ತಿರಲಿಲ್ಲ. ಕೇಳಿರಲೇ ಇಲ್ಲ. ಅಂದು ಇಡೀ ದಿನದಲ್ಲಿ ನಾನು ನಿಜವಾಗಿ ನಾಚಿದ್ದು ಆ ಗಳಿಗೆಯಲ್ಲಿ. ಸೆಲ್ವರಾಜು ಒಂದೊಂದೇ ಕಪಾಟು ತೆರೆದಂತೆ ಹುಡುಕುತ್ತ ಹೋದರು. ಕೊನೆಗೆ ಒಂದರಲ್ಲಿ ಐದು ಅಧ್ಯಾಯಗಳೂ ಒಂದರ ಕೆಳಗೊಂದು ಕೂತಿದ್ದವು. ಕೊನೆಯಲ್ಲಿ ಆರನೆಯದೊಂದು ಸಣ್ಣ ಫೈಲು. ಹೆಸರು ನೋಡಿದರೆ ಕೃತಜ್ಞತೆಯದು. ಅವಳು ಆಗಲೇ ಶುರು ಮಾಡಿದ್ದಳು!

“ಅದನ್ನೊಂದು ತೆಗೀರಿ, ನೋಡೋಣ” ಎಂದೆ.

“ಅದು ಅಮ್ಮಾವ್ರದ್ದು ಸಾರ್” ಎಂದು ಸೆಲ್ವರಾಜು ತೆರೆಯದೆಯೇ ಎಲ್ಲವನ್ನೂ ಒಂದು ಸಿ.ಡಿ.ಗೆ ಇಳಿಸಿ ಮೊದಲು ನನ್ನ ಕೈಗೆ ಕೊಟ್ಟರು. ರಿಪೇರಿ ಆಮೇಲೆ. ತಮ್ಮ ಸಿ.ಡಿ.ಯಿಂದ ಹಳೆಯ ಕರ್ನಲ್ಲನ್ನು ಮತ್ತೆ ತಂದು ಹೊಸದರ ಪಕ್ಕದಲ್ಲಿ ಕೂರಿಸಿದರು, ಎರಡೂ ಹಿಡಿಸಿದವು. ಲಿಲೋಗೆ ಇಬ್ಬರ ವಿಳಾಸವನ್ನೂ ತಿಳಿಸಿದರು. ಇನ್ನು ಮುಂದೆ ಯಂತ್ರ ಶುರುವಾದಾಗ ಹೊಸದು, ಹಳೆಯದು ಎಂದು ಎರಡು ಸಾಲು ಕಾಣುತ್ತದೆ, ಹತ್ತು ಸೆಕೆಂಡು ಕಾಯುತ್ತದೆ, ಯಾರೂ ಏನೂ ಒತ್ತದಿದ್ದರೆ ಹೊಸದು ಏಳುತ್ತದೆ. ಹಳೆಯದನ್ನು ಬಹುಶಃ ಯಾರೂ ಎಂದೂ ಕರೆಯುವುದಿಲ್ಲ.

ವಾಪಸು ಬರುವ ಬಸ್ಸಿನಲ್ಲಿ ಯೋಚಿಸಿದೆ. ಗಾಜನೂರಿನಲ್ಲಿ ಹಳೆಯ ಅಣೆಕಟ್ಟನ್ನು ಹಾಗೇ ಇಟ್ಟುಕೊಂಡು ಅದರ ಕೆಳಗೆ ಹೊಸದನ್ನು ಕಟ್ಟುತ್ತಿದ್ದರು. ಅದನ್ನು ನೋಡಿ, ಹಳೆಯದನ್ನು ಮೊದಲು ಒಡೆಯಬಾರದೇ ಎಂದು ಗೊಣಗಿದ್ದವನು ನಾನು. ದಿನಾ ಸಂಜೆ ಸರ್ವಮಂಗಳ ಹಾಲಿಗೆ ಹೆಪ್ಪು ಹಾಕಲು ಒಂದು ಚಮಚ ಮೊಸರು ಉಳಿಸುತ್ತಾಳೆ. ಆ ಬಟ್ಟಲನ್ನೂ ತೊಳೆದಿಟ್ಟು ಬೈಸಿಕೊಂಡಿದ್ದೇನೆ. ಮನೆಯಲ್ಲೇ ಇದ್ದ ಪಾಠ ಕಲಿಯಲು ಭದ್ರಾವತಿಗೆ ಹೋಗಬೇಕಾಯಿತು.

ಅವಳಿಗೆ ಹೇಳುವುದು ಬೇಡವೆಂದು ಬಸ್ಸಿಳಿಯುವಾಗ ನಿಶ್ಚಯಿಸಿದೆ. ಆದರೆ ಮನೆ ಬಾಗಿಲು ತೆರೆದಿತ್ತು. ಬೈಂಡಿಂಗ್ ಅಂಗಡಿಯ ಕೆಲಸ ಬೇಗ ಮುಗಿದಿತ್ತಂತೆ. ಬಿಚ್ಚಿಟ್ಟ ಯಂತ್ರದ ಮುಂದೆ ಅವಳು ನಿಂತಿದ್ದಳು. ನನ್ನ ಕೈಯಲ್ಲಿ ಅವಳ ಸೀರೆಯ ಗಂಟು. ಎಲ್ಲವನ್ನೂ ಹೇಳಿದೆ. ಹೇಳುತ್ತಿದ್ದಂತೆ ಅವಳು ಗೋಡೆ ಹಿಡಿದುಕೊಂಡಳು.

“ಇದೆಯಾ?” ಎಂದಳು.

“ಇದೆ. ಎಲ್ಲಾ ಇದೆ. ಬೇರೆ ಕಾಪೀನೂ ಇದೆ.”

ಒಳಗೆ ಹೋಗಿ ಒಂದು ಚೊಂಬು ನೀರು ಕುಡಿದು ಬಂದಳು. ಅವಳ ಕಣ್ಣು ಒದ್ದೆಯಾಗಿತ್ತು. “ಗ್ಯಾಸ್ಕೆಟ್ಟು ಸಾಲ್ದಾಯ್ತೇನ್ರೀ ನಿಮಗೆ?” ಎಂದಳು. ಆಮೇಲೆ ಸಿ.ಡಿ.ಯನ್ನು ನನ್ನ ಕೈಯಿಂದ ತೆಗೆದುಕೊಂಡು ಬೀರುವಿನಲ್ಲಿಟ್ಟು ಬೀಗ ಹಾಕಿದಳು. ನನಗೆ ಅದು ನ್ಯಾಯವೆಂದೇ ಅನಿಸಿತು.

ಸೋಮವಾರ ಸಂಪ್ರಬಂಧ ಸಲ್ಲಿಕೆಯಾಯಿತು. ನೀಲಿ ರಟ್ಟಿನ ಒಂದು ಪ್ರತಿ ಮನೆಗೂ ಬಂತು. ಅವಳು ಸ್ನಾನಕ್ಕೆ ಹೋದಾಗ ಕಳ್ಳನಂತೆ ಕೃತಜ್ಞತೆಯ ಪುಟ ತೆರೆದೆ. ಗೈಡಿಗೆ ವಂದನೆ, ಹೆಡ್‌ಮಿಸ್ಟ್ರೆಸ್ಸಿಗೆ ವಂದನೆ, ಭಿನ್ನರಾಶಿಗೆ ಹೆದರಿದ ಮಕ್ಕಳಿಗೆ ವಂದನೆ. ಅವಳು ಎಂದೂ ಕಾಣದ ಭದ್ರಾವತಿಯ ಶ್ರೀ ಸೆಲ್ವರಾಜು ಅವರಿಗೆ ವಂದನೆ. ಎಲ್ಲರ ಕೊನೆಗೆ, ದಪ್ಪವೂ ಅಲ್ಲದ ತೆಳುವೂ ಅಲ್ಲದ ಅಕ್ಷರದಲ್ಲಿ, “ಇದನ್ನು ನನಗೆ ಮರಳಿ ತಂದುಕೊಟ್ಟ ನನ್ನ ಪತಿಗೆ” ಎಂಬ ಅರ್ಥದ ಒಂದು ಇಂಗ್ಲಿಷ್ ಸಾಲು.

ಮೌಖಿಕ ಪರೀಕ್ಷೆಯ ದಿನ ಗೈಡು ಕನ್ನಡಕದ ಮೇಲಿಂದ ನೋಡಿ, “ಮರಳಿ ತಂದ್ರು ಅಂದ್ರೆ ಎಲ್ಲಿಂದಮ್ಮಾ?” ಎಂದು ಕೇಳಿದರಂತೆ.

“ಭದ್ರಾವತಿಯಿಂದ ಸಾರ್, ಬಸ್ಸಲ್ಲಿ” ಎಂದಳಂತೆ ಅವಳು.

ಕಳೆದುಹಾಕಿದವರು ಯಾರೆಂದು ಅವಳು ಅಲ್ಲಿ ಹೇಳಲಿಲ್ಲ, ಪುಟದಲ್ಲೂ ಬರೆಯಲಿಲ್ಲ. ಆ ಪುಸ್ತಕ ಈಗ ಹಳೆಯದಾಗಿದೆ, ನೀಲಿ ರಟ್ಟು ಬೆಳ್ಳಗಾಗಿದೆ. ಅದನ್ನು ಮಾತ್ರ ನಾನು ಎಸೆದಿಲ್ಲ.