ಬೀಗರೂಟದ ಪಂಕ್ತಿಯಿಂದ ಎದ್ದವರು

ನನ್ನ ತಮ್ಮನಿಗೆ ಆಗ ಮೂವತ್ತಾರು. ಸಿಗರೇಟು ಮುಟ್ಟಿದವನಲ್ಲ. ಭಾನುವಾರ ಬಂತೆಂದರೆ ಚಂದ್ರಾ ಲೇಔಟಿನ ಮೈದಾನದಲ್ಲಿ ಕ್ರಿಕೆಟ್. ಅವನ ಹೃದಯಕ್ಕೆ ತೊಂದರೆ ಎಂದು ಯಾರಾದರೂ ಹೇಳಿದ್ದರೆ ನಾನೇ ನಗುತ್ತಿದ್ದೆ.

ನಮ್ಮ ತಂಗಿಯ ಮದುವೆಯ ಮರುದಿನ ಕೆಂಗೇರಿಯಲ್ಲಿ ಗಂಡಿನವರು ಬೀಗರೂಟ ಇಟ್ಟಿದ್ದರು. ಅಪ್ಪ ಇಲ್ಲದ್ದರಿಂದ ತಮ್ಮನೇ ನಮ್ಮ ಕಡೆಯ ಯಜಮಾನ. ಗಂಡಿನ ತಂದೆಯ ಪಕ್ಕದಲ್ಲೇ ಅವನ ಎಲೆ. ಬೀಗರ ಪಂಕ್ತಿಯಲ್ಲಿ ಎಲ್ಲರ ಊಟ ಮುಗಿಯುವ ಮುಂಚೆ ಎದ್ದರೆ ಊಟ ಹಿಡಿಸಲಿಲ್ಲವೆಂದು ಮುಖಕ್ಕೆ ಹೊಡೆದ ಹಾಗೆ. ಆ ಮಾತನ್ನು ಹೊಸ ಸೊಸೆ ವರ್ಷಗಟ್ಟಲೆ ಕೇಳಬೇಕು.

ಮುಂದಿನ ಪಂಕ್ತಿಗೆ ಕಾಯುತ್ತಾ ನಿಂತಿದ್ದ ನನಗೆ ಅವನು ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ಹಾಗೇ ಕೂತಿರುವುದು ಕಂಡಿತು. ಫ್ಯಾನಿನ ಕೆಳಗಿದ್ದರೂ ಶರ್ಟು ಒದ್ದೆ. ಎಡಗೈ ದವಡೆ ಉಜ್ಜುತ್ತಿತ್ತು.

"ಏನಾಯ್ತೋ?"

"ಏನಿಲ್ಲ ಅಕ್ಕ, ಗ್ಯಾಸು. ಎದೆ ಹಿಡ್ಕೊಂಡಂಗಿದೆ. ಇದೊಂದು ಪಂಕ್ತಿ ಮುಗೀಲಿ."

"ಬೆಳಿಗ್ಗೆಯಿಂದ ಖಾಲಿ ಹೊಟ್ಟೆ. ಒಂದು ಸೋಡಾ ತರ್ಸಿ," ಎಂದರು ದೊಡ್ಡಪ್ಪ. "ದೃಷ್ಟಿ ಕಣೇ, ಮನೆಗೆ ಹೋದ್ಮೇಲೆ ನೀವಾಳಿಸ್ತೀನಿ," ಎಂದಳು ಅಮ್ಮ. ನಮ್ಮ ಮನೆಯಲ್ಲಿ ಡಾಕ್ಟರುಗಳಿಗೆ ಎಂದೂ ಕೊರತೆ ಇರಲಿಲ್ಲ.

ಹಿಂದಿನ ವರ್ಷ ನಮ್ಮ ಆಫೀಸಿನ ಹುಡುಗನೊಬ್ಬ ಹೀಗೇ ದವಡೆ ಉಜ್ಜಿಕೊಂಡು, ಗ್ಯಾಸಿನ ಮಾತ್ರೆ ನುಂಗಿ ಮನೆಗೆ ಹೋಗಿದ್ದ. ಮರುದಿನ ನಾವೆಲ್ಲ ಅವನ ಮನೆಗೆ ಹೋದದ್ದು ಹೂವಿನ ಹಾರ ಹಿಡಿದು.

"ಏಳೋ," ಎಂದು ತಮ್ಮನ ರಟ್ಟೆ ಹಿಡಿದೆಳೆದೆ.

"ಬೀಗರ ಮುಂದೆ ಮಾನ ಕಳೀಬೇಡ ಕಣೇ!" ದೊಡ್ಡಪ್ಪ ಗದರಿದರು.

"ಮಾನ ನೀವಿಟ್ಕೊಳಿ. ನನಗೆ ತಮ್ಮ ಬೇಕು."

ಬಡಿಸುವವನ ಸೌಟು ಅರ್ಧದಲ್ಲೇ ನಿಂತಿತು. ತಮ್ಮ ಏಳಲು ನೋಡಿ ಮತ್ತೆ ಕುಸಿದು ಕೂತ. ಆಗ ಅವನ ಪಕ್ಕದ ಎಲೆಯಿಂದ ಬೀಗರು ಎದ್ದರು. ಅರವತ್ತು ದಾಟಿದ ಅವರು ಅವನ ಕಂಕುಳಿಗೆ ಹೆಗಲು ಕೊಟ್ಟು, "ಕಾರು ಬಾಗಿಲಲ್ಲೇ ಇದೆ, ಬಾಮ್ಮ," ಎಂದರು. ಕೈ ತೊಳೆಯಲಿಲ್ಲ. ಎಂಜಲುಗೈಯಲ್ಲೇ ಸ್ಟೀರಿಂಗ್ ಹಿಡಿದರು.

ಮೈಸೂರು ರಸ್ತೆಯಲ್ಲಿ ಗಾಡಿಗಳು ಒಂದಕ್ಕೊಂದು ಅಂಟಿಕೊಂಡು ನಿಂತಿದ್ದವು. ಬೀಗರು ಹಾರನ್ನಿನಿಂದ ಕೈ ತೆಗೆಯಲೇ ಇಲ್ಲ. ಹಿಂದಿನ ಸೀಟಿನಲ್ಲಿ ತಮ್ಮನ ತಲೆ ನನ್ನ ತೊಡೆಯ ಮೇಲಿತ್ತು, ತುಟಿ ಬೂದಿ ಬಣ್ಣಕ್ಕೆ ತಿರುಗಿತ್ತು.

"ಅಕ್ಕ, ಅವ್ರ ಊಟ ಅರ್ಧಕ್ಕೇ ಆಯ್ತಲ್ಲ..."

"ಬಾಯ್ಮುಚ್ಕೊಂಡು ಉಸಿರಾಡೋ," ಎಂದೆ. ಹೆದರಿದರೆ ನನಗೆ ಬರುವುದು ಬೈಗುಳವೇ.

ಆಸ್ಪತ್ರೆಯಲ್ಲಿ ಇಸಿಜಿ ನೋಡಿದವರೇ ಅವನನ್ನು ಒಳಗೆ ತಳ್ಳಿಕೊಂಡು ಓಡಿದರು. ಹಾರ್ಟ್ ಅಟ್ಯಾಕ್ ಎಂದರು. ಬಾಗಿಲು ಮುಚ್ಚಿತು. ಬೆಂಚಿನ ಮೇಲೆ ಬೀಗರು ಬಲಗೈಯನ್ನು ಮಂಡಿಯ ಮೇಲೆ ಅಂಗಾತ ಇಟ್ಟುಕೊಂಡು ಕೂತಿದ್ದರು. ಬೆರಳ ಸಂದಿಯಲ್ಲಿ ಮುದ್ದೆ ಒಣಗಿ ಬಿರಿದಿತ್ತು.

"ಕೈ ತೊಳ್ಕೊಂಡು ಬನ್ನಿ," ಎಂದೆ.

"ನಿನ್ನ ತಮ್ಮ ಇನ್ನೂ ಪಂಕ್ತೀಲೇ ಇದಾರೆ ಕಣಮ್ಮ. ನಾನು ಮೊದಲು ಹೆಂಗೆ ತೊಳೀಲಿ?"

ಬಾಗಿಲು ಅಲುಗಿದಾಗಲೆಲ್ಲ ಇಬ್ಬರೂ ಎದ್ದು ನಿಲ್ಲುತ್ತಿದ್ದೆವು, ಯಾರೋ ನರ್ಸ್ ಹಾದುಹೋಗುತ್ತಿದ್ದರು, ಮತ್ತೆ ಕೂರುತ್ತಿದ್ದೆವು. ಕೊನೆಗೆ ಡಾಕ್ಟರು ಬಂದರು. ನನ್ನ ತಮ್ಮನಿಗಿಂತ ಚಿಕ್ಕವನಂತೆ ಕಾಣುವ ಹುಡುಗ.

"ಬ್ಲಾಕ್ ತೆಗೆದು ಸ್ಟೆಂಟ್ ಹಾಕಿದೀವಿ. ಮಾತಾಡ್ತಿದಾರೆ. ಸರಿಯಾದ ಟೈಮಿಗೆ ಕರ್ಕೊಂಡ್ ಬಂದ್ರಿ."

ನಾನು ಗೋಡೆಗೆ ಮುಖ ಮಾಡಿ ಜೋರಾಗಿ ಅತ್ತುಬಿಟ್ಟೆ. ಅಳು ನಿಂತು ತಿರುಗಿ ನೋಡಿದಾಗ ಬೀಗರು ಕಾರಿಡಾರಿನ ತುದಿಯ ನಲ್ಲಿಯ ಕೆಳಗೆ ಕೈ ತೊಳೆಯುತ್ತಿದ್ದರು.